ಶಿಲುಬೆಯ ಮೇಲಿದ್ದವನು ಯಾರು?

(ಧಾರವಾಡದ ಓದುಗ ಗೆಳೆಯರ ನಡುವೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ಕ್ರೈಸ್ತರ ತ್ರಿಯೇಕ ದೇವರ ಮಾತು ಬಂದರೆ ಮೊದಲು ಬರುವ ಪ್ರಶ್ನೆ ಲೆಕ್ಕದ್ದು. "ಮೂರು ಅಂದ್ರ ಒಂದು ಹೆಂಗ ಆಗ್ತೈತ್ರಿ ಸರ?" ಇವತ್ತೂ ಅಷ್ಟೇ, ಸಭೆ ಶುರುವಾಗುವ ಮುಂಚೆ ಚಹಾ ಕುಡಿಯುತ್ತಲೇ ಒಬ್ಬರು ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಲೆಕ್ಕದಿಂದ ಹೊರಟರೆ ಈ ವಾದ ಯಾಕೆ ಹುಟ್ಟಿತು, ಜನ ಇದಕ್ಕಾಗಿ ಯಾಕೆ ಗಡಿಪಾರಾದರು, ಯಾಕೆ ಜೀವ ಕೊಟ್ಟರು ಅನ್ನುವುದು ತಿಳಿಯುವುದೇ ಇಲ್ಲ. ಹಾಗಾಗಿ ಲೆಕ್ಕವನ್ನು ಬದಿಗಿಟ್ಟು ಬೇರೆ ಪ್ರಶ್ನೆ ಹಿಡಿದು ಹೋಗೋಣ. ಶಿಲುಬೆಯ ಮೇಲೆ ಸತ್ತವನು ಯಾರು? ನಾನು ಓದಿಕೊಂಡ ಮಟ್ಟಿಗೆ, ಈ ಜಗಳವೆಲ್ಲ ಸುತ್ತಿದ್ದು ಇದೊಂದರ ಸುತ್ತಲೇ.

ಮೊದಲು ಸುವಾರ್ತೆಗಳಲ್ಲಿ, ಅಂದರೆ ಮತ್ತಾಯ, ಮಾರ್ಕ, ಲೂಕ, ಯೋಹಾನರ ಹೆಸರಿನಲ್ಲಿರುವ ಯೇಸುವಿನ ಕಥೆಗಳಲ್ಲಿ, ಕಾಣುವ ಯೇಸುವನ್ನು ನೋಡಿ. ಆತನಿಗೆ ಹಸಿವಾಗುತ್ತದೆ. ದಣಿದು ದೋಣಿಯಲ್ಲೇ ನಿದ್ದೆ ಹೋಗುತ್ತಾನೆ. ಗೆಳೆಯ ಲಾಜರನ ಸಮಾಧಿಯ ಹತ್ತಿರ ಅಳುತ್ತಾನೆ. ಒಬ್ಬ "ಒಳ್ಳೆಯ ಗುರುವೇ" ಅಂತ ಕರೆದರೆ, "ನನ್ನನ್ನು ಯಾಕೆ ಒಳ್ಳೆಯವನು ಅನ್ನುತ್ತೀ? ದೇವರೊಬ್ಬನೇ ಒಳ್ಳೆಯವನು" ಅನ್ನುತ್ತಾನೆ. ಲೋಕದ ಕೊನೆಯ ದಿನ ಯಾವಾಗ ಅಂದರೆ, ಅದು ತಂದೆಗೆ ಮಾತ್ರ ಗೊತ್ತು, ಮಗನಿಗೂ ಗೊತ್ತಿಲ್ಲ ಅನ್ನುತ್ತಾನೆ. ಈ ಮಾತು ಮಾರ್ಕನ 13ನೇ ಅಧ್ಯಾಯದಲ್ಲಿದೆ. ಇದನ್ನು ಯಾರೂ ಅಳಿಸಿ ಹಾಕಲಿಲ್ಲ. ಅಳಿಸಿದ್ದರೆ ವಾದಿಸುವವರಿಗೆ ಎಷ್ಟೋ ಸುಲಭವಾಗುತ್ತಿತ್ತು.

ಈಗ ಆತನ ಶಿಷ್ಯರನ್ನು ನೋಡಿ. ಇವರು ಯೆಹೂದ್ಯರು. "ಇಸ್ರಾಯೇಲ್ಯರೇ ಕೇಳಿರಿ, ನಮ್ಮ ದೇವರಾದ ಯೆಹೋವನು ಒಬ್ಬನೇ ದೇವರು" ಅಂತ ದಿನಾ ಹೇಳಿಕೊಂಡು ಬೆಳೆದವರು. ಮನುಷ್ಯನಿಗೆ ಅಡ್ಡಬೀಳುವುದು ಅವರಿಗೆ ಮಹಾಪಾಪ. ಅಂಥವರು ರೋಮಿನವರು ಕಳ್ಳರ ನಡುವೆ ತೂಗುಹಾಕಿ ಕೊಂದ ಒಬ್ಬ ಬಡಗಿಗೆ ಪ್ರಾರ್ಥನೆ ಮಾಡಲು ಶುರು ಮಾಡಿದರು. ತ್ರಿಯೇಕ ದೇವರ ಮಾತಿನ ಬೇರು ಇಲ್ಲಿದೆ. ಯಾರೋ ಪಂಡಿತ ಕೂತು ಮೂರು ಅಂತ ಎಣಿಸಿದ್ದಲ್ಲ. ಪ್ರಾರ್ಥನೆ ಮೊದಲು ಬಂತು. ನಾವು ಮಾಡುತ್ತಿರುವುದು ಸರಿಯೇ ಅನ್ನುವ ತಳಮಳ ಆಮೇಲೆ ಬಂತು.

ಇಲ್ಲೊಂದು ಗಾಳಿಮಾತನ್ನು ತೆಗೆದುಹಾಕಬೇಕು, ಯಾಕೆಂದರೆ ಮೊಬೈಲಿನಲ್ಲಿ ಇದು ತುಂಬ ಓಡಾಡುತ್ತದೆ. ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರಿ.ಶ. 325ರಲ್ಲಿ ಸಭೆ ಕರೆದು, ಮತ ಹಾಕಿಸಿ, ಯೇಸುವನ್ನು ದೇವರನ್ನಾಗಿ ಮಾಡಿದ ಅಂತ. ಹಾಗಿಲ್ಲ. ಸುಮಾರು 112ರಲ್ಲೇ ಬಿಥೀನಿಯ ಪ್ರಾಂತದ ಗವರ್ನರ್ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೆದಿದ್ದಾನೆ. ಈ ಕ್ರೈಸ್ತರು ಬೆಳಗಾಗುವ ಮುಂಚೆ ಸೇರಿ ಕ್ರಿಸ್ತನಿಗೆ, ದೇವರಿಗೆ ಹಾಡುವ ಹಾಗೆ, ಹಾಡುತ್ತಾರೆ ಅಂತ ಅದರಲ್ಲಿದೆ. ಪ್ಲಿನಿ ಕ್ರೈಸ್ತನಲ್ಲ, ಅವರನ್ನು ಹಿಡಿದು ಶಿಕ್ಷಿಸುತ್ತಿದ್ದವನು. ಇನ್ನೊಂದು ಸಾಕ್ಷಿ ರೋಮಿನ ಪಾಲಟೈನ್ ಗುಡ್ಡದಲ್ಲಿ ಸಿಕ್ಕ ಗೋಡೆ ಗೀಚು. ಸುಮಾರು 1800 ವರ್ಷ ಹಳೆಯದು. ಶಿಲುಬೆಯ ಮೇಲೆ ಕತ್ತೆಯ ತಲೆಯ ಮನುಷ್ಯ, ಪಕ್ಕದಲ್ಲಿ ಕೈ ಎತ್ತಿ ನಿಂತ ಒಬ್ಬ ಹುಡುಗ. ಕೆಳಗೆ ಒರಟು ಗ್ರೀಕ್ ಅಕ್ಷರಗಳಲ್ಲಿ, "ಅಲೆಕ್ಸಮೆನೋಸ್ ತನ್ನ ದೇವರನ್ನು ಪೂಜಿಸುತ್ತಾನೆ" ಅಂತ ಬರೆದಿದೆ. ಜೊತೆಯವರು ಯಾರೋ ಹುಡುಗನನ್ನು ಗೇಲಿ ಮಾಡಿದ್ದು. ಗೇಲಿ ಮಾಡಿದವನು ಒಂದು ವಿಷಯ ಸರಿಯಾಗಿಯೇ ಹಿಡಿದಿದ್ದ. ಶಿಲುಬೆಗೆ ಹಾಕಿಸಿಕೊಂಡವನನ್ನು ಈ ಜನ ದೇವರು ಅನ್ನುತ್ತಾರೆ. ಆಗಿನ ಲೋಕಕ್ಕೆ ಇದು ನಾಚಿಕೆಗೇಡಿನ ಮಾತು.

ಹಾಗಾದರೆ 325ರಲ್ಲಿ ನಡೆದದ್ದು ಏನು? ಅದಕ್ಕೆ ಅರಿಯಸ್‌ನ ಕಥೆ ಕೇಳಬೇಕು.

ಅರಿಯಸ್ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಒಬ್ಬ ಸಭಾಪಾಲಕ, ಅಂದರೆ ಪಾದ್ರಿ. ಎತ್ತರದ ಆಳು, ಸರಳ ಬಟ್ಟೆ, ಕಟ್ಟುನಿಟ್ಟಾದ ಬದುಕು. ಜನ ಅವನನ್ನು ಪ್ರೀತಿಸುತ್ತಿದ್ದರು. ಸುಮಾರು 318ರಲ್ಲಿ ತನ್ನ ಬಿಷಪ್ ಅಲೆಕ್ಸಾಂಡರ್ ಜೊತೆ ಅವನಿಗೆ ಜಗಳ ಹತ್ತಿತು. ಅವನ ಮಾತು ಸರಳ. ದೇವರು ಒಬ್ಬನೇ, ಆದಿ ಇಲ್ಲದವನು, ಪಾಲಾಗದವನು. ಮಗ ಅಂದ ಮೇಲೆ ಅವನಿಗೊಂದು ಆರಂಭ ಇರಲೇಬೇಕು. ಅವನು ಇಲ್ಲದಿದ್ದ ಒಂದು ಹೊತ್ತಿತ್ತು. ಯೇಸು ಎಲ್ಲ ಸೃಷ್ಟಿಗಿಂತ ದೊಡ್ಡವನು, ಆದರೂ ಸೃಷ್ಟಿಯೇ. ಇದಕ್ಕೆ ಅವನ ಕೈಯಲ್ಲಿ ವಚನಗಳೂ ಇದ್ದವು. "ತಂದೆ ನನಗಿಂತ ದೊಡ್ಡವನು" ಅಂತ ಯೋಹಾನನಲ್ಲೇ ಇದೆಯಲ್ಲ. ಹಳೆಯ ಒಡಂಬಡಿಕೆಯ ಜ್ಞಾನೋಕ್ತಿ ಪುಸ್ತಕದ 8ನೇ ಅಧ್ಯಾಯದಲ್ಲಿ ಜ್ಞಾನವು (ಅದು ಮಗನೇ ಅಂತ ಆಗ ಓದುತ್ತಿದ್ದರು) "ಕರ್ತನು ನನ್ನನ್ನು ಸೃಷ್ಟಿಸಿದನು" ಅನ್ನುತ್ತದೆಯಲ್ಲ. ತನ್ನ ವಾದವನ್ನು ಅವನು ಹಾಡು ಕಟ್ಟಿ ಬಿಟ್ಟ. ನಾವಿಕರು, ಹಿಟ್ಟು ಬೀಸುವವರು, ದಾರಿಹೋಕರು ಹಾಡಲಿ ಅಂತ ರಾಗ ಹಾಕಿದ ಅಂತ ಹಳೆಯ ಇತಿಹಾಸಕಾರರು ಬರೆದಿದ್ದಾರೆ. ತತ್ವವನ್ನು ಪದ ಕಟ್ಟಿ ಹಾಡುವುದು ಏನು ಅಂತ ಶಿಶುನಾಳದ ಸುತ್ತಮುತ್ತಲಿನ ಜನರಿಗೆ ನಾನು ವಿವರಿಸಬೇಕಿಲ್ಲ.

ನಮ್ಮ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಅರಿಯಸ್ ಅಂದರೆ ಬೈಗುಳ. ನನಗೆ ಅದು ಸರಿ ಕಾಣುವುದಿಲ್ಲ. ಅವನು ಯೇಸುವನ್ನು ಸಣ್ಣದು ಮಾಡಲು ಹೊರಟವನಲ್ಲ. ಒಬ್ಬನೇ ದೇವರ ಮಾನವನ್ನು ಕಾಯಲು ಹೊರಟವನು. ದೇವರಿಗೆ ಹಸಿವು, ಕಣ್ಣೀರು, ಸಾವು ಅಂಟಬಾರದು ಅನ್ನುವ ಭಕ್ತಿ ಅವನದು. ಏಕದೇವನನ್ನೇ ಒತ್ತಿ ಹೇಳಿದ ಶರಣರ ನೆಲದಲ್ಲಿ ಕೂತು ನಾವು ಅವನ ಕಾಳಜಿಯನ್ನಾದರೂ ಅರ್ಥ ಮಾಡಿಕೊಳ್ಳಬೇಕು.

ಆದರೆ ಅವನ ಉತ್ತರವನ್ನು ನಾನು ಒಪ್ಪುವುದಿಲ್ಲ. ಯಾಕೆ ಅನ್ನುವುದನ್ನು ಅಥನೇಸಿಯಸ್ ಹೇಳಿದ್ದಾನೆ. 325ರ ಆ ಸಭೆ ನೈಸಿಯ ಊರಿನಲ್ಲಿ ನಡೆದಾಗ ಅವನಿನ್ನೂ ಬಿಷಪ್ಪರ ಜೊತೆ ಹೋಗಿದ್ದ ಎಳೆಯ ಡೀಕನ್, ಅಂದರೆ ಸಹಾಯಕ. ಆಮೇಲೆ 328ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಆದ. ಅವನ ವಾದದ ತಿರುಳು ಹೀಗೆ. ಯೇಸು ಸೃಷ್ಟಿಯೇ ಆಗಿದ್ದರೆ, ಆತನಿಗೆ ಪ್ರಾರ್ಥಿಸುವ ನಾವೆಲ್ಲ ವಿಗ್ರಹ ಪೂಜೆ ಮಾಡುವವರೇ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಸಾಯುತ್ತಿರುವ ಸೃಷ್ಟಿಯನ್ನು ಇನ್ನೊಂದು ಸೃಷ್ಟಿ ಬದುಕಿಸಲಾರದು. ಹುಟ್ಟಿಸಿದವನೇ ಬರಬೇಕು. ಅರಿಯಸ್ ಹೇಳಿದಂತೆ ಆಗಿದ್ದರೆ, ನಮ್ಮ ನೋವಿನ ನಡುವೆ ದೇವರು ತಾನೇ ಬರಲಿಲ್ಲ, ಬೇರೆ ಯಾರನ್ನೋ ಕಳಿಸಿದ, ಮೊಳೆ ಬಡಿಸಿಕೊಂಡವನು ಆ ಬೇರೆಯವನು. ಹಾಗೆ ಯೋಚಿಸಿ ನೋಡಿ. ಅಂಥ ದೇವರ ಮಾನವೇನೋ ಉಳಿಯಿತು, ಪ್ರೀತಿ ಉಳಿಯಿತೇ? ನಾನು ನೈಸಿಯದ ಪಕ್ಷದಲ್ಲಿ ನಿಲ್ಲುವುದು ಈ ಒಂದು ಕಾರಣಕ್ಕೆ.

ನೈಸಿಯ ಅಂದರೆ ಇವತ್ತಿನ ಟರ್ಕಿಯ ಇಜ್ನಿಕ್. ಪ್ಲಿನಿ ಪತ್ರ ಬರೆದ ಬಿಥೀನಿಯ ಪ್ರಾಂತದಲ್ಲೇ ಇರುವ ಊರು. 325ರಲ್ಲಿ ಸುಮಾರು 300 ಬಿಷಪ್ಪರು ಅಲ್ಲಿ ಸೇರಿದರು. ಇವರಲ್ಲಿ ಹಲವರು ಚಕ್ರವರ್ತಿ ಡಯಕ್ಲೀಶಿಯನ್‌ನ ಕಾಲದಿಂದ ನಡೆದ ಹಿಂಸೆಯಲ್ಲಿ ಬದುಕಿ ಉಳಿದವರು. ಪಫ್ನೂಷಿಯಸ್ ಅನ್ನುವ ಬಿಷಪ್ಪನ ಒಂದು ಕಣ್ಣು ಕೀಳಿಸಿದ್ದರು. ಕಾನ್‌ಸ್ಟಂಟೈನ್ ಆ ಕಣ್ಣಿನ ಜಾಗಕ್ಕೆ ಮುತ್ತಿಟ್ಟ ಅಂತ ಹೇಳುತ್ತಾರೆ. ಅಂಥ ಜನ ಚಕ್ರವರ್ತಿ ಹೇಳಿದ್ದಕ್ಕೆಲ್ಲ ಸುಮ್ನೆ ತಲೆಯಾಡಿಸಿದರು ಅನ್ನುವುದು ಅವರಿಗೆ ಮಾಡುವ ಅನ್ಯಾಯ. ಅವರು ಬರೆದ ಮಾತುಗಳನ್ನು ನಮ್ಮ ಸಭೆಯಲ್ಲಿ ಕರ್ತನ ಭೋಜನದ ದಿನ ಇಂದಿಗೂ ಎದ್ದು ನಿಂತು ಹೇಳುತ್ತೇವೆ. ದೇವರಿಂದ ದೇವರು, ಬೆಳಕಿನಿಂದ ಬೆಳಕು, ನಿಜ ದೇವರಿಂದ ನಿಜ ದೇವರು, ಸೃಷ್ಟಿಯಾದವನಲ್ಲ, ಹುಟ್ಟಿದವನು. ಮಗನದು ತಂದೆಯ ಸತ್ವವೇ ಅಂತ ಅದರಲ್ಲಿ ಸೇರಿಸಿದರು. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಇಲ್ಲದ ಮಾತು ಅದು ಅಂತ ಹಲವರಿಗೆ ಇರಿಸುಮುರಿಸಾಯಿತು. ಕೊನೆಗೆ ಅರಿಯಸ್ ಜೊತೆ ಇಬ್ಬರು ಬಿಷಪ್ಪರು ಮಾತ್ರ ಒಪ್ಪದೆ ಗಡಿಪಾರಾದರು.

ಅಲ್ಲಿಗೆ ಮುಗಿಯಿತೇ? ಮುಗಿಯಲಿಲ್ಲ. ಹತ್ತೇ ವರ್ಷದಲ್ಲಿ ಗಾಳಿ ತಿರುಗಿತು. 335ರಲ್ಲಿ ಅದೇ ಕಾನ್‌ಸ್ಟಂಟೈನ್ ಅಥನೇಸಿಯಸ್‌ನನ್ನೇ ದೂರದ ಟ್ರಿಯರ್‌ಗೆ ಓಡಿಸಿದ. 337ರಲ್ಲಿ ಸಾಯುವ ಮುಂಚೆ ಚಕ್ರವರ್ತಿ ದೀಕ್ಷಾಸ್ನಾನ ಪಡೆದದ್ದು ಅರಿಯಸ್‌ನ ಪಕ್ಷದ ಬಿಷಪ್ ಒಬ್ಬನ ಕೈಯಿಂದ. ಅವನ ಮಕ್ಕಳಲ್ಲಿ ಕಾನ್‌ಸ್ಟಾಂಶಿಯಸ್ ಅಂತೂ ಆ ಕಡೆಯೇ. ಅಥನೇಸಿಯಸ್ ಒಟ್ಟು ಐದು ಸಲ ಗಡಿಪಾರಾದ, ಸುಮಾರು 17 ವರ್ಷ ಊರ ಹೊರಗೇ ಕಳೆದ. ಚಕ್ರವರ್ತಿ ಹೇಳಿದ್ದೇ ಮತವಾಯಿತು ಅನ್ನುವವರು ಈ ಭಾಗವನ್ನು ಓದುವುದೇ ಇಲ್ಲ.

ಜನರೂ ಸುಮ್ಮನಿರಲಿಲ್ಲ. 380ರ ಆಸುಪಾಸಿನಲ್ಲಿ ನಿಸ್ಸ ಊರಿನ ಬಿಷಪ್ ಗ್ರೆಗರಿ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಬಗ್ಗೆ ಹೇಳಿದ್ದು ಹೀಗಿದೆ. ಚಿಲ್ಲರೆ ಕೇಳಿದರೆ ಹುಟ್ಟಿದವನು, ಹುಟ್ಟದವನು ಅಂತ ತತ್ವ ಶುರು ಮಾಡುತ್ತಾರೆ. ರೊಟ್ಟಿಯ ರೇಟು ಕೇಳಿದರೆ ತಂದೆ ದೊಡ್ಡವನು, ಮಗ ಸಣ್ಣವನು ಅನ್ನುತ್ತಾರೆ. ಸ್ನಾನಕ್ಕೆ ನೀರು ಕಾದಿದೆಯೇ ಅಂದರೆ ಮಗ ಶೂನ್ಯದಿಂದ ಬಂದ ಅನ್ನುತ್ತಾರೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಸಂತೆಯ ಗದ್ದಲದ ನಡುವೆ ಇಂಥ ವಾದ ನಡೆಯುವುದನ್ನು ಊಹಿಸಿಕೊಳ್ಳಿ. ಗ್ರೆಗರಿ ಬೇಸರದಿಂದ ಹೇಳಿದ. ನನಗೆ ಅದನ್ನು ಓದಿದರೆ ಗೌರವ ಹುಟ್ಟುತ್ತದೆ. ದೇವರು ಯಾರು ಅನ್ನುವುದು ಪಂಡಿತರದಷ್ಟೇ ಅಲ್ಲ, ರೊಟ್ಟಿ ಮಾರುವವನ ಪ್ರಶ್ನೆಯೂ ಆಗಿತ್ತು.

ಇದೇ ಗ್ರೆಗರಿ, ಅವನ ಅಣ್ಣ ಬೆಸಿಲ್, ಅವರ ಗೆಳೆಯ ನಜಿಯಾನ್ಜಸ್‌ನ ಗ್ರೆಗರಿ, ಈ ಮೂವರು ಸೇರಿ ಒಂದು ದಾರಿ ಕಂಡುಕೊಂಡರು. ಸತ್ವ ಒಂದು, ವ್ಯಕ್ತಿಗಳು ಮೂವರು. 381ರ ಕಾನ್‌ಸ್ಟಾಂಟಿನೋಪಲ್ ಸಭೆ ಪವಿತ್ರಾತ್ಮನನ್ನೂ ತಂದೆ ಮಗನ ಜೊತೆ ಆರಾಧಿಸಬೇಕು ಅಂತ ಸೇರಿಸಿತು. ಇದು ಬ್ರಹ್ಮ, ವಿಷ್ಣು, ಮಹೇಶ್ವರರ ಹಾಗೆ ಅಲ್ವಾ ಅಂತ ನೀವು ಕೇಳಬಹುದು. ಕ್ರೈಸ್ತರು ಹೇಳುವುದು ಹಾಗಲ್ಲ. ಒಬ್ಬ ಹುಟ್ಟಿಸುವವನು, ಒಬ್ಬ ಕಾಯುವವನು, ಒಬ್ಬ ಲಯ ಮಾಡುವವನು ಅಂತ ಕೆಲಸ ಹಂಚಿಕೊಂಡ ಮೂವರನ್ನು ಅವರು ಹೇಳಲಿಲ್ಲ. ಒಬ್ಬನೇ ಮೂರು ವೇಷ ಹಾಕಿದ ಅಂತಲೂ ಹೇಳಲಿಲ್ಲ. ಹಾಗೆ ಹೇಳಿದವನು 3ನೇ ಶತಮಾನದ ಸಬೆಲಿಯಸ್, ಅವನನ್ನು ಸಭೆ ಆಗಲೇ ಹೊರಗಿಟ್ಟಿತ್ತು. ವೇಷ ಅಂದುಬಿಟ್ಟರೆ ಯೇಸು ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಬೆವರಿ, ನಡುಗಿ, "ಅಪ್ಪಾ, ತಂದೆಯೇ" ಅಂತ ಕರೆದದ್ದು ಯಾರನ್ನು? ತನ್ನನ್ನೇ?

ಯೇಸು ಪೂರ್ತಿ ದೇವರು ಅಂತಾದ ಮೇಲೆ ಪೂರ್ತಿ ಮನುಷ್ಯ ಹೇಗೆ ಅನ್ನುವ ಪ್ರಶ್ನೆ ಬಂತು. ಅಪೊಲಿನಾರಿಸ್ ಅನ್ನುವವನು ಮೈ ಮನುಷ್ಯನದು, ಬುದ್ಧಿ ದೇವರದು ಅಂದ. ನಜಿಯಾನ್ಜಸ್‌ನ ಗ್ರೆಗರಿ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟ. ಯೇಸು ಯಾವುದನ್ನು ತನ್ನದಾಗಿ ಮಾಡಿಕೊಳ್ಳಲಿಲ್ಲವೋ ಅದು ಗುಣವಾಗಲಿಲ್ಲ. ನಮ್ಮ ಬುದ್ಧಿಗೂ ರೋಗ ಇದೆ, ಅಂದ ಮೇಲೆ ಆತನಿಗೆ ಮನುಷ್ಯನ ಬುದ್ಧಿಯೂ ಇರಬೇಕು. ನನಗೆ ತುಂಬ ಹಿಡಿಸಿದ ಮಾತು ಇದು. ಕೊನೆಯ ದಿನ ಮಗನಿಗೂ ಗೊತ್ತಿಲ್ಲ ಅನ್ನುವ ಮಾರ್ಕನ ವಚನವನ್ನು ಮುಚ್ಚಿಡುವ ಅಗತ್ಯ ಆಮೇಲೆ ಉಳಿಯುವುದಿಲ್ಲ.

ಮುಂದಿನ ಜಗಳ ಕಹಿಯಾದದ್ದು, ಬೇಗ ಹೇಳಿ ಮುಗಿಸುತ್ತೇನೆ. ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ನೆಸ್ಟೋರಿಯಸ್ ಮರಿಯಳನ್ನು ದೇವರ ತಾಯಿ ಅನ್ನಬೇಡಿ, ಕ್ರಿಸ್ತನ ತಾಯಿ ಅನ್ನಿ ಅಂದ. ಎರಡು ಮೂರು ತಿಂಗಳ ಕೂಸನ್ನು ದೇವರು ಅನ್ನಲಾರೆ ಅಂದನೆಂದು ವಿರೋಧಿಗಳು ಸುದ್ದಿ ಹಬ್ಬಿಸಿದರು. ಅಲೆಕ್ಸಾಂಡ್ರಿಯದ ಸಿರಿಲ್ 431ರಲ್ಲಿ ಎಫೆಸದ ಸಭೆಯನ್ನು, ನೆಸ್ಟೋರಿಯಸ್ ಕಡೆಯವರು ಬಂದು ಮುಟ್ಟುವ ಮುಂಚೆಯೇ ಶುರು ಮಾಡಿ ಅವನನ್ನು ತೆಗೆದುಹಾಕಿಸಿದ. ಸಿರಿಲ್‌ನ ವಾದ ಗಟ್ಟಿಯಾದದ್ದು, ನಡೆದುಕೊಂಡ ರೀತಿ ಸರಿಯಲ್ಲ. 451ರಲ್ಲಿ ಕಾಲ್ಸಿಡನ್ ಸಭೆ, ಒಬ್ಬನೇ ಕ್ರಿಸ್ತನಲ್ಲಿ ಎರಡು ಸ್ವಭಾವಗಳು, ಬೆರಕೆಯಾಗದೆ, ಬದಲಾಗದೆ, ಒಡೆಯದೆ, ಅಗಲದೆ ಇವೆ ಅಂದಿತು. ಈಜಿಪ್ಟ್, ಸಿರಿಯ, ಅರ್ಮೇನಿಯದ ಸಭೆಗಳು ಒಪ್ಪಲಿಲ್ಲ. ರೈಲ್ವೆ ಕೆಲಸಕ್ಕೆ ಅಂತ ಹುಬ್ಬಳ್ಳಿಗೆ ಬಂದ ಕೇರಳದ ಆರ್ಥೊಡಾಕ್ಸ್ ಕುಟುಂಬಗಳು ನಿಮ್ಮ ನೆರೆಯಲ್ಲಿದ್ದರೆ, ಅವರು ಕಾಲ್ಸಿಡನ್ ಒಪ್ಪದ ಈ ಪರಂಪರೆಗೆ ಸೇರಿದವರು. 1973ರಲ್ಲಿ ಪೋಪ್ 6ನೇ ಪೌಲ್ ಮತ್ತು ಈಜಿಪ್ಟಿನ ಕಾಪ್ಟಿಕ್ ಸಭೆಯ ಪೋಪ್ 3ನೇ ಶೆನೂಡ, 1994ರಲ್ಲಿ ಪೋಪ್ 2ನೇ ಜಾನ್ ಪೌಲ್ ಮತ್ತು ನೆಸ್ಟೋರಿಯಸ್ ಪರಂಪರೆಯದು ಅನ್ನಿಸಿಕೊಂಡ ಅಸ್ಸೀರಿಯನ್ ಸಭೆಯ 4ನೇ ಮಾರ್ ದಿನ್ಖಾ ಜಂಟಿ ಹೇಳಿಕೆಗಳಿಗೆ ಸಹಿ ಹಾಕಿದರು. ಬೇರೆ ಬೇರೆ ಮಾತಿನಲ್ಲಿ ನಾವು ಒಂದೇ ಕ್ರಿಸ್ತನನ್ನು ನಂಬಿದ್ದೇವೆ ಅಂತ. ಇದನ್ನು ಒಪ್ಪಿಕೊಳ್ಳಲು 1500 ವರ್ಷ ಹಿಡಿಯಿತು.

ಈಗ ಹೇಳಲು ಕಷ್ಟವಾಗುವ ಭಾಗಕ್ಕೆ ಬರುತ್ತೇನೆ. ಮಿಗುವೆಲ್ ಸೆರ್ವೆಟಸ್ ಸ್ಪೇನಿನ ವೈದ್ಯ. ರಕ್ತವು ಹೃದಯದಿಂದ ಶ್ವಾಸಕೋಶಕ್ಕೆ ಹೋಗಿ ಬರುತ್ತದೆ ಅಂತ ಯುರೋಪಿನಲ್ಲಿ ಮೊದಲು ಅಚ್ಚು ಹಾಕಿಸಿದವನು. 1531ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ, ತ್ರಿಯೇಕ ಸಿದ್ಧಾಂತದ ತಪ್ಪುಗಳ ಬಗ್ಗೆ ಪುಸ್ತಕ ಬರೆದ. ಸತ್ಯವೇದದಲ್ಲಿ ಯೇಸು ದೇವರ ಮಗ, ಸರಿ. ಆದರೆ ಒಂದು ಸತ್ವ, ಮೂರು ವ್ಯಕ್ತಿ ಅನ್ನುವ ಮಾತು ಎಲ್ಲಿದೆ ಅಂತ ಕೇಳಿದ. ಕಥೊಲಿಕರು ಹಿಡಿದರು, ತಪ್ಪಿಸಿಕೊಂಡ. 1553ರ ಆಗಸ್ಟಿನಲ್ಲಿ ಜಿನೀವಾ ಹಾದು ಹೋಗುವಾಗ ಒಂದು ಭಾನುವಾರ ಚರ್ಚಿಗೆ ಹೋದ. ಅಲ್ಲಿ ಗುರುತು ಹಿಡಿದರು. ಅಲ್ಲಿನ ಪ್ರೊಟೆಸ್ಟೆಂಟ್ ಸಭೆಯ ಮುಂದಾಳು ಕ್ಯಾಲ್ವಿನ್ ಅವನನ್ನು ಹಿಡಿಸಿ, ಆರೋಪಗಳನ್ನು ಬರೆದುಕೊಟ್ಟ. ಸುಡುವುದು ಬೇಡ, ತಲೆ ಕಡಿಯಿರಿ ಅಂತ ಕೇಳಿಕೊಂಡ. ಅದೂ ನಡೆಯಲಿಲ್ಲ. ಅಕ್ಟೋಬರ್ 27ರಂದು ಊರ ಹೊರಗಿನ ಶಾಂಪೆಲ್ ದಿನ್ನೆಯಲ್ಲಿ ಅವನನ್ನು ಜೀವಂತ ಸುಟ್ಟರು. ಅವನ ಪುಸ್ತಕವನ್ನೂ ಅವನ ಜೊತೆಗೇ ಕಟ್ಟಿದ್ದರು. ಬೆಂಕಿಯಲ್ಲಿ ಅವನು ಕೂಗಿದ್ದು, "ನಿತ್ಯ ದೇವರ ಮಗನಾದ ಯೇಸುವೇ, ನನ್ನನ್ನು ಕರುಣಿಸು" ಅಂತ. ದೇವರ ನಿತ್ಯ ಮಗನೇ ಅಂತ ಕೂಗಿದ್ದರೆ ಬದುಕುತ್ತಿದ್ದ ಅನ್ನುತ್ತಾರೆ. ಅವನು ಆ ಒಂದು ಮಾತನ್ನು ಆಚೀಚೆ ಮಾಡಲಿಲ್ಲ.

ನಾನು ಪ್ರೊಟೆಸ್ಟೆಂಟ್. ಕ್ಯಾಲ್ವಿನ್ ನಮ್ಮವನೇ. ಇದು ಪಾಪವೇ. ಆ ಕಾಲವೇ ಹಾಗಿತ್ತು ಅಂತ ಇದನ್ನು ತೇಲಿಸಿಬಿಡಲು ನನ್ನಿಂದ ಆಗುವುದಿಲ್ಲ. ಯಾಕೆಂದರೆ ಆ ಕಾಲದಲ್ಲೇ ಒಬ್ಬ ಎದ್ದು ನಿಂತು ಹೇಳಿದ. ಸೆಬಾಸ್ಟಿಯನ್ ಕ್ಯಾಸ್ಟೆಲಿಯೊ. "ಮನುಷ್ಯನನ್ನು ಕೊಂದರೆ ಸಿದ್ಧಾಂತವನ್ನು ಕಾಪಾಡಿದಂತಲ್ಲ, ಮನುಷ್ಯನನ್ನು ಕೊಂದಂತೆ" ಅಂತ ಬರೆದ. ಅವನು ಗ್ರೀಕ್ ಕಲಿಸುತ್ತ, ಬಡತನದಲ್ಲಿ ಬದುಕಿ ಸತ್ತದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಮಿಶನ್ ಬಂದದ್ದು ಅದೇ ಬಾಸೆಲ್‌ನಿಂದ. ನಮ್ಮ ಕಡೆಯ ಕ್ರೈಸ್ತರು ಬಾಸೆಲ್ ಹೆಸರು ಹೇಳುವಾಗ ಶಾಲೆ, ಹಂಚಿನ ಕಾರ್ಖಾನೆ, ಕಿಟೆಲ್ ಅವರ ನಿಘಂಟು ನೆನೆಯುತ್ತೇವೆ. ಕ್ಯಾಸ್ಟೆಲಿಯೊನನ್ನೂ ನೆನೆಯಬೇಕು ಅಂತ ನನ್ನ ಕೋರಿಕೆ. 1903ರಲ್ಲಿ ಕ್ಯಾಲ್ವಿನ್ ಅನುಯಾಯಿಗಳೇ ಶಾಂಪೆಲ್‌ನಲ್ಲಿ ತಪ್ಪೊಪ್ಪಿಗೆಯ ಕಲ್ಲು ನಿಲ್ಲಿಸಿದರು.

ಈ ವಾದ ಭಾರತಕ್ಕೂ ಬಂತು, ಬಾಸೆಲ್‌ನವರು ಇಲ್ಲಿಗೆ ಕಾಲಿಡುವ ಮುಂಚೆಯೇ. ರಾಜಾ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ಬೋಧನೆಗಳನ್ನು ಮಾತ್ರ ಆರಿಸಿ ಒಂದು ಪುಸ್ತಕ ಮಾಡಿದರು. ಪವಾಡ, ಸಿದ್ಧಾಂತ ಎರಡನ್ನೂ ಬಿಟ್ಟರು. ಸಿರಾಂಪುರದ ಮಿಶನರಿ ಜೋಶುವಾ ಮಾರ್ಷ್‌ಮನ್ ವಿರೋಧಿಸಿದರು. ರಾಯರು ಹೀಬ್ರೂ, ಗ್ರೀಕ್ ಹಿಡಿದು ಉತ್ತರದ ಮೇಲೆ ಉತ್ತರ ಬರೆದರು. ಕೊನೆಯ ಉತ್ತರವನ್ನು ಮಿಶನ್ ಪ್ರೆಸ್ಸಿನವರು ಅಚ್ಚು ಹಾಕಲು ಒಪ್ಪದಿದ್ದಾಗ ತಮ್ಮದೇ ಪ್ರೆಸ್ ಹಾಕಿಕೊಂಡರು. ಅವರ ಜೊತೆ ಬಂಗಾಳಿಗೆ ಸುವಾರ್ತೆ ಅನುವಾದಿಸುತ್ತಿದ್ದ ವಿಲಿಯಂ ಆಡಂ ಎಂಬ ಮಿಶನರಿ 1821ರಲ್ಲಿ ತಾನೇ ತ್ರಿಯೇಕವನ್ನು ಒಪ್ಪದ ಏಕದೇವವಾದಿ ಆಗಿಬಿಟ್ಟ. ರಾಯರ ತೀರ್ಮಾನ ನನ್ನದಲ್ಲ. ಯೇಸುವಿನ ಮಾತನ್ನು ಇಟ್ಟುಕೊಂಡು ಶಿಲುಬೆಯನ್ನು ಬಿಟ್ಟರೆ ಉಳಿಯುವವನು ಒಬ್ಬ ಒಳ್ಳೆಯ ಗುರು ಅಷ್ಟೇ. ಆದರೆ ಈ ವಾದ ಪುಸ್ತಕಕ್ಕೆ ಪುಸ್ತಕ ಕೊಟ್ಟು ನಡೆಯಿತು, ಯಾರೂ ಸೌದೆ ಒಟ್ಟಲಿಲ್ಲ.

ಉಪನ್ಯಾಸ ಮುಗಿದ ಮೇಲೆ ಹುಬ್ಬಳ್ಳಿಯಿಂದ ಬಂದಿದ್ದ ಹಿರಿಯ ಮುಸಲ್ಮಾನ ಗೆಳೆಯರೊಬ್ಬರು ಎದ್ದರು. "ನಾವೂ ಈಸಾ ಅಲೈಹಿಸ್ಸಲಾಮ್ ಅವರನ್ನು ಗೌರವಿಸ್ತೀವ್ರಿ. ಅವರ ತಾಯಿ ಮರಿಯಮ್ ಹೆಸರಿನ ಸೂರಾನೇ ಐತಿ. ಆದ್ರ ದೇವರಿಗೆ ಮಗ ಅನ್ನೋದು ನಮಗ ಒಪ್ಪಿಗಿ ಇಲ್ಲ" ಅಂದರು. ಇಲ್ಲಿ ನಮ್ಮ ನಡುವೆ ಇರುವ ಅಂತರ ನಿಜವಾದದ್ದು, ಅದನ್ನು ಸವರಿ ಹಾಕುವುದು ಇಬ್ಬರಿಗೂ ಮರ್ಯಾದೆಯಲ್ಲ ಅಂದೆ. ಮನುಷ್ಯರು ಮಕ್ಕಳನ್ನು ಹೆರುವಂತೆ ದೇವರು ಹೆತ್ತ ಅನ್ನುವುದನ್ನು ಕುರಾನ್ ನಿರಾಕರಿಸುತ್ತದೆ, ನೈಸಿಯದವರೂ ನಿರಾಕರಿಸುತ್ತಾರೆ. ಅಷ್ಟು ದೂರ ಜೊತೆಗೆ ಹೋಗಬಹುದು. ಆಮೇಲೆ ದಾರಿ ಬೇರೆ. ಯೇಸುವನ್ನು ಶಿಲುಬೆಗೆ ಹಾಕಲಿಲ್ಲ ಅಂತ ಕುರಾನ್ ಹೇಳುತ್ತದೆ. ದೇವರು ತನ್ನ ಪ್ರವಾದಿಯನ್ನು ಅಂಥ ಅವಮಾನಕ್ಕೆ ಬಿಟ್ಟುಕೊಡಲಾರ ಅಂತ ನೀವು ಓದುತ್ತೀರಿ, ದೇವರು ತಾನೇ ಆ ಅವಮಾನದೊಳಗೆ ಬಂದ ಅಂತ ನಾವು ನಂಬುತ್ತೇವೆ ಅಂದೆ. ಅವರು ಹೌದು ಅನ್ನುವಂತೆ ತಲೆದೂಗಿದರು. "ಈಗ ಎಲ್ಲಿ ಬ್ಯಾರೆ ಆಗ್ತೀವಿ ಅಂತ ಗೊತ್ತಾತು ನೋಡ್ರಿ" ಅಂದರು.

ಬೆಟಗೇರಿಯಿಂದ ಬಂದಿದ್ದ ಸಂಡೇ ಸ್ಕೂಲ್ ಟೀಚರಮ್ಮ ಒಬ್ಬರದು ಕೊನೆಯ ಪ್ರಶ್ನೆ. "ನಾವು ಹುಡುಗರಿಗೆ ನೀರು, ಮಂಜುಗಡ್ಡಿ, ಉಗಿ ಅಂತ ಹೇಳಿ ಕಲಿಸ್ತೀವ್ರಿ. ಅದೂ ತಪ್ಪೇನ್ರಿ?" ತಪ್ಪೇ ಅಂತ ಹೇಳಬೇಕಾಯಿತು. ಅದೇ ನೀರು ಒಮ್ಮೆ ಗಡ್ಡೆ, ಒಮ್ಮೆ ಉಗಿ ಆಗುವುದು ಸಬೆಲಿಯಸ್ ಹೇಳಿದ ವೇಷದ ಮಾತೇ. ಹಾಗಾದರೆ ಏನು ಹೇಳಬೇಕು ಅಂದರು. ಹೋಲಿಕೆ ಬಿಟ್ಟು ಕಥೆ ಓದಿಸಿ ಅಂದೆ. ಮಾರ್ಕನ 1ನೇ ಅಧ್ಯಾಯದಲ್ಲಿ ಯೇಸು ಯೊರ್ದನ್ ನದಿಯಲ್ಲಿ ಮುಳುಗಿ ಏಳುತ್ತಾನೆ, ಆತ್ಮ ಪಾರಿವಾಳದಂತೆ ಇಳಿಯುತ್ತದೆ, ಮೇಲಿನಿಂದ ತಂದೆಯ ದನಿ ಬರುತ್ತದೆ. ಮೂವರೂ ಅಲ್ಲಿದ್ದಾರೆ. ಆಮೇಲೆ 14ನೇ ಅಧ್ಯಾಯ, 32ನೇ ವಚನದಿಂದ ಗೆತ್ಸೇಮನೆ. ಮಗ ತಂದೆಯನ್ನು ಕರೆಯುವುದನ್ನು ಮಕ್ಕಳೇ ಗಟ್ಟಿಯಾಗಿ ಓದಲಿ. ದೇವರಿಗೆ ಹೆದರಿಕೆ ಆಗತದೇನ್ರಿ ಅಂತ ಯಾವುದಾದರೂ ಹುಡುಗ ಕೇಳಿಯೇ ಕೇಳುತ್ತಾನೆ. ಆಗ ಅವನ ಬಾಯಿ ಮುಚ್ಚಿಸಬೇಡಿ. ಹೌದಪ್ಪ, ಆತ ನಿಜವಾಗಿ ಮನುಷ್ಯನಾಗಿದ್ದ, ಹೆದರಿದ ಅಂತ ಬರೆದಿದೆ ಅನ್ನಿ. ಟೀಚರಮ್ಮ ತಮ್ಮ ಸತ್ಯವೇದ ತೆಗೆದು ಆ ಪುಟಕ್ಕೆ ಗುರುತು ಇಟ್ಟುಕೊಂಡರು.